ಕೋವಿ ಹಿಡಿಯದ ಮೇಷ್ಟ್ರು: ಇಬ್ರಾಹಿಂ ರುಗೋವಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಸೊವೊದ ಇಬ್ರಾಹಿಂ ರುಗೋವಾ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ಗೊತ್ತಿರಬೇಕಾದದ್ದು

ರುಗೋವಾ ಅಂದ್ರೆ ಯಾರು? ಎರಡು ಮಾತಲ್ಲಿ ಹೇಳಿ.

ಕೊಸೊವೊದ ಅಲ್ಬೇನಿಯನ್ ಸಾಹಿತ್ಯ ವಿದ್ವಾಂಸರು. 1989ರಿಂದ 2006ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ಸ್ವಾತಂತ್ರ್ಯ ಚಳವಳಿಯ ಮುಖ್ಯ ನಾಯಕರು. ಯುಗೊಸ್ಲಾವಿಯಾ ಒಡೆದು ಸುತ್ತಲೂ ರಕ್ತ ಹರಿಯುತ್ತಿದ್ದಾಗ ತಮ್ಮ ಜನ ಆಯುಧ ಎತ್ತದಂತೆ ಸುಮಾರು ಎಂಟು ವರ್ಷ ತಡೆದು ನಿಲ್ಲಿಸಿದವರು. ಯುರೋಪಿಯನ್ ಪಾರ್ಲಿಮೆಂಟ್ 1998ರಲ್ಲಿ ಅವರಿಗೆ ಮಾನವ ಹಕ್ಕುಗಳಿಗಾಗಿ ದುಡಿದವರಿಗೆ ಕೊಡುವ ಸಖರೋವ್ ಪ್ರಶಸ್ತಿ ಕೊಟ್ಟಿತು.

ಕೊಸೊವೊ ಎಲ್ಲಿದೆ? ಅಲ್ಲಿ ಜಗಳ ಯಾತಕ್ಕೆ?

ಯುರೋಪಿನ ಆಗ್ನೇಯ ಮೂಲೆಯಲ್ಲಿ, ಬಾಲ್ಕನ್ ಬೆಟ್ಟಗಳ ನಡುವೆ. ಸುತ್ತ ಸರ್ಬಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ. ರಾಜಧಾನಿ ಪ್ರಿಷ್ಟಿನಾ. ಜನರಲ್ಲಿ ಬಹುಪಾಲು ಅಲ್ಬೇನಿಯನ್ ಮಾತಾಡುವವರು, ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಸರ್ಬರಿಗೆ ಅದೇ ನೆಲ ಹಳೆಯ ರಾಜ್ಯದ, ಹಳೆಯ ಮಠಗಳ, ಒಟ್ಟೋಮನ್ ತುರ್ಕರ ಜೊತೆ ನಡೆದ 1389ರ ಕೊಸೊವೊ ಯುದ್ಧದ ನೆಲ. ಎರಡೂ ಕಡೆಯವರಿಗೆ ಅದು ತಮ್ಮದು.

ಹಲವು ಗಣರಾಜ್ಯಗಳ ಒಕ್ಕೂಟವಾಗಿದ್ದ ಯುಗೊಸ್ಲಾವಿಯಾದಲ್ಲಿ ಕೊಸೊವೊ ಸರ್ಬಿಯಾದ ಒಳಗಿನ ಪ್ರಾಂತ್ಯವಾಗಿತ್ತು. 1974ರ ಸಂವಿಧಾನ ಅದಕ್ಕೆ ದೊಡ್ಡ ಮಟ್ಟದ ಸ್ವಾಯತ್ತತೆ ಕೊಟ್ಟಿತ್ತು. 1989ರ ಮಾರ್ಚಿನಲ್ಲಿ ಸರ್ಬಿಯಾದ ನಾಯಕ ಸ್ಲೊಬೊಡಾನ್ ಮಿಲೊಸೆವಿಚ್ ಅದನ್ನು ಕಿತ್ತುಕೊಂಡರು. ಇಲ್ಲಿ ಹೇಳುವ ಕಥೆಯೆಲ್ಲ ಶುರುವಾಗುವುದು ಅಲ್ಲಿಂದ.

ಅವರ ಅಪ್ಪನನ್ನು ಕೊಂದರಂತೆ, ನಿಜಾನಾ?

ನಿಜ. ರುಗೋವಾ ಹುಟ್ಟಿದ್ದು 1944ರ ಡಿಸೆಂಬರ್ 2ರಂದು, ಇಸ್ತೊಗ್ ಬಳಿಯ ಚೆರ್ಚೆ ಎಂಬ ಹಳ್ಳಿಯಲ್ಲಿ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಮರು ತಿಂಗಳೇ, 1945ರ ಜನವರಿಯಲ್ಲಿ, ಯುಗೊಸ್ಲಾವ್ ಕಮ್ಯುನಿಸ್ಟರು ಅವರ ತಂದೆ ಉಕೆಯನ್ನೂ ಅಜ್ಜ ರ‍್ರುಸ್ತೆಯನ್ನೂ ಕೊಂದರು. ಆಗ ಮಗುವಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಅಪ್ಪನ ಮುಖ ನೋಡಿದ ನೆನಪೂ ಇಲ್ಲದೆ ಬೆಳೆದ ಹುಡುಗ.

ಆ ಸೀಮೆಯಲ್ಲಿ ಅಪ್ಪನ ಸಾವಿಗೆ ಮಗ ಸೇಡು ತೀರಿಸಬೇಕು ಅನ್ನುವುದು ಹಳೆಯ ಕಟ್ಟಳೆ. ಅದನ್ನು ನೆನಪಿಟ್ಟುಕೊಂಡು ಅವರ ಮುಂದಿನ ಬದುಕನ್ನು ನೋಡಿದರೆ ನನಗೆ ಅವರ ಮೇಲಿನ ಗೌರವ ಇನ್ನೂ ಜಾಸ್ತಿಯಾಗುತ್ತದೆ.

ಯಾವಾಗಲೂ ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡಿರ್ತಿದ್ರಲ್ಲ, ಯಾಕೆ?

ಅದು ಪ್ಯಾರಿಸ್ಸಿನ ಅಭ್ಯಾಸ. 1976-77ರಲ್ಲಿ ಅವರು ಅಲ್ಲಿ ಓದಲು ಹೋಗಿದ್ದರು, ಫ್ರಾನ್ಸಿನ ಹೆಸರಾಂತ ಸಾಹಿತ್ಯ ಚಿಂತಕ ರೋಲಾನ್ ಬಾರ್ತ್ ಅವರ ಬಳಿ. ಅಲ್ಲಿಂದ ಬಂದ ರೇಷ್ಮೆ ಸ್ಕಾರ್ಫ್ ಕೊನೆಯವರೆಗೂ ಕೊರಳಲ್ಲಿ ಉಳಿಯಿತು. ಕೈಯಲ್ಲಿ ಸಿಗರೇಟು, ಮೆಲುದನಿ, ತುಸು ಬಾಗಿದ ಬೆನ್ನು. ಸೈನಿಕರ ಸಮವಸ್ತ್ರದಲ್ಲಿ ಮೆರೆಯುವ ನಾಯಕರೇ ತುಂಬಿದ್ದ ಬಾಲ್ಕನ್ನಿನಲ್ಲಿ ಈ ಮನುಷ್ಯ ಎಲ್ಲಿ ನಿಂತರೂ ಬೇರೆಯಾಗಿ ಕಾಣುತ್ತಿದ್ದರು.

ಅವರ ಇನ್ನೊಂದು ಅಭ್ಯಾಸವೂ ಹೆಸರುವಾಸಿ. ಮನೆಗೆ ಬಂದ ರಾಯಭಾರಿಗಳಿಗೆ, ಮಂತ್ರಿಗಳಿಗೆ ಕೊಸೊವೊದ ಗಣಿಗಳಿಂದ ಬಂದ ಹರಳುಕಲ್ಲುಗಳನ್ನು ಉಡುಗೊರೆ ಕೊಡುತ್ತಿದ್ದರು. ಅವರ ಬಳಿ ಅಂಥ ಕಲ್ಲುಗಳ ದೊಡ್ಡ ಸಂಗ್ರಹವೇ ಇತ್ತು. ಬಂದವರು ವಾಪಸ್ ಹೋಗುವಾಗ ಅವರ ಬ್ಯಾಗಿನಲ್ಲಿ ಕೊಸೊವೊದ ಒಂದು ಚೂರು ಇರುತ್ತಿತ್ತು.

## ಓದುಬರಹದಿಂದ ರಾಜಕೀಯಕ್ಕೆ

ರಾಜಕೀಯಕ್ಕೆ ಬರೋ ಮುಂಚೆ ಏನು ಮಾಡ್ತಿದ್ರು?

ಪ್ರಿಷ್ಟಿನಾ ವಿಶ್ವವಿದ್ಯಾಲಯದಲ್ಲಿ ಅಲ್ಬೇನಿಯನ್ ಭಾಷೆ, ಸಾಹಿತ್ಯ ಓದಿ 1971ರಲ್ಲಿ ಪದವಿ ಪಡೆದರು. ವಿದ್ಯಾರ್ಥಿಗಳ ಪತ್ರಿಕೆಗೆ ಸಂಪಾದಕರಾಗಿದ್ದರು. ಆಮೇಲೆ ಬಹುಕಾಲ ಅಲ್ಬೇನಿಯನ್ ಅಧ್ಯಯನ ಸಂಸ್ಥೆಯಲ್ಲಿ ಸಂಶೋಧಕರು. 1984ರಲ್ಲಿ ಡಾಕ್ಟರೇಟ್ ಬಂತು. ವಿಷಯ ಅಲ್ಬೇನಿಯನ್ ಸಾಹಿತ್ಯ ವಿಮರ್ಶೆಯ ಬೆಳವಣಿಗೆ.

ಅವರು ತುಂಬ ಹಚ್ಚಿಕೊಂಡದ್ದು ಹದಿನೇಳನೇ ಶತಮಾನದ ಪ್ಯೆಟರ್ ಬೊಗ್ಡಾನಿಯವರನ್ನು. ಬೊಗ್ಡಾನಿ ಕ್ಯಾಥೊಲಿಕ್ ಆರ್ಚ್‌ಬಿಷಪ್. ಅಲ್ಬೇನಿಯನ್ ಭಾಷೆಯಲ್ಲಿ ಮೊದಮೊದಲು ದೊಡ್ಡ ಗದ್ಯ ಬರೆದವರಲ್ಲಿ ಒಬ್ಬರು. ಮುಸ್ಲಿಂ ಮನೆತನದ ರುಗೋವಾ ಒಬ್ಬ ಕ್ಯಾಥೊಲಿಕ್ ಪಾದ್ರಿಯ ಬರಹದಲ್ಲಿ ತಮ್ಮ ಜನರ ಬೇರು ಹುಡುಕಿದರು. ಇದು ಸುಮ್ನೆ ಹೇಳಿದ ಮಾತಲ್ಲ. ಮುಂದೆ ಅವರು ಕಟ್ಟಿದ ರಾಜಕೀಯದಲ್ಲಿ ಧರ್ಮಕ್ಕಿಂತ ಭಾಷೆ ಮುಂದೆ ನಿಂತಿತು.

ಸಾಹಿತ್ಯ ವಿಮರ್ಶಕರೊಬ್ಬರು ಪಕ್ಷದ ನಾಯಕ ಆಗಿದ್ದು ಹೇಗೆ?

1988ರಲ್ಲಿ ಅವರು ಕೊಸೊವೊ ಲೇಖಕರ ಸಂಘದ ಅಧ್ಯಕ್ಷರಾದರು. ಆಗ ಬೇರೆ ಪಕ್ಷ ಕಟ್ಟುವ ಹಾಗಿರಲಿಲ್ಲ, ಬಾಯಿ ಬಿಟ್ಟು ಮಾತಾಡಲು ಇದ್ದ ಕೆಲವೇ ಜಾಗಗಳಲ್ಲಿ ಲೇಖಕರ ಸಂಘ ಒಂದು. ಸ್ವಾಯತ್ತತೆ ತೆಗೆಯುವ ಮಾತು ಎದ್ದಾಗ 215 ಬುದ್ಧಿಜೀವಿಗಳು ಅದರ ವಿರುದ್ಧ ಮನವಿಗೆ ಸಹಿ ಹಾಕಿದರು. ರುಗೋವಾ ಅವರಲ್ಲೊಬ್ಬರು. ಕಮ್ಯುನಿಸ್ಟ್ ಪಕ್ಷ ಅವರನ್ನು ಹೊರಗೆ ಹಾಕಿತು.

1989ರ ಡಿಸೆಂಬರ್ 23ರಂದು ಕೊಸೊವೊ ಡೆಮಾಕ್ರಟಿಕ್ ಲೀಗ್ ಹುಟ್ಟಿತು. ಜನ ಅದನ್ನು ಎಲ್‌ಡಿಕೆ ಅಂತ ಕರೆಯುತ್ತಾರೆ. ಅಧ್ಯಕ್ಷತೆಗೆ ರುಗೋವಾ ಹೆಸರು ಬಂತು. ಗುಂಪುಗಳ ಹಂಗಿಲ್ಲದ, ಯಾರಿಗೂ ಬೇಡವಾಗದ ವ್ಯಕ್ತಿ ಅನ್ನುವುದೂ ಒಂದು ಕಾರಣ. ನೋಡನೋಡುತ್ತ ಲಕ್ಷಗಟ್ಟಲೆ ಜನ ಸದಸ್ಯರಾದರು. ಪಕ್ಷದ ಕಚೇರಿ ಇದ್ದದ್ದು ಲೇಖಕರ ಸಂಘದ ಪುಟ್ಟ ಕಟ್ಟಡದಲ್ಲಿ. ಪತ್ರಕರ್ತರನ್ನು ರುಗೋವಾ ಭೇಟಿಯಾಗುತ್ತಿದ್ದದ್ದೂ ಅಲ್ಲೇ.

ದೇಶವೇ ಇಲ್ಲದಿದ್ದಾಗ ಅಧ್ಯಕ್ಷ ಹೇಗಾದ್ರು?

1990ರ ಜುಲೈ 2ರಂದು ಕೊಸೊವೊ ವಿಧಾನಸಭೆಗೆ ಬೀಗ ಬಿದ್ದಿತ್ತು. ಅಲ್ಬೇನಿಯನ್ ಸದಸ್ಯರು ಹೊರಗೆ ಮೆಟ್ಟಿಲ ಮೇಲೆ ನಿಂತೇ, ಕೊಸೊವೊ ಇನ್ನು ಸರ್ಬಿಯಾಕ್ಕೆ ಸರಿಸಮನಾದ ಗಣರಾಜ್ಯ ಅಂತ ಘೋಷಿಸಿದರು. ಮೂರೇ ದಿನಕ್ಕೆ ಸರ್ಬಿಯಾ ಆ ಸಭೆಯನ್ನು ವಿಸರ್ಜಿಸಿತು. ಸೆಪ್ಟೆಂಬರಿನಲ್ಲಿ ಅದೇ ಸದಸ್ಯರು ಕಾಚಾನಿಕ್ ಎಂಬ ಊರಲ್ಲಿ ಗುಟ್ಟಾಗಿ ಸೇರಿ ಸಂವಿಧಾನ ಒಪ್ಪಿಕೊಂಡರು. 1991ರ ಸೆಪ್ಟೆಂಬರಿನಲ್ಲಿ ಜನಮತ ನಡೆಯಿತು. ವೋಟು ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸ್ವಾತಂತ್ರ್ಯ ಬೇಕು ಅಂದರು. ಒಪ್ಪಿದ ದೇಶ ಒಂದೇ, ಅಲ್ಬೇನಿಯಾ.

1992ರ ಮೇ 24ರಂದು ಚುನಾವಣೆ. ಮತಗಟ್ಟೆಗಳು ಬಹುಪಾಲು ಜನರ ಮನೆಗಳಲ್ಲಿ. ಅಧ್ಯಕ್ಷ ಸ್ಥಾನಕ್ಕೆ ರುಗೋವಾ ಒಬ್ಬರೇ ಅಭ್ಯರ್ಥಿ. ಗೆದ್ದರು. ಹೊಸ ಸಂಸತ್ತು ಸೇರಲು ಸರ್ಬ್ ಪೊಲೀಸರು ಬಿಡಲಿಲ್ಲ. ಹೀಗೆ ಸೈನ್ಯ, ಪೊಲೀಸು, ಕಟ್ಟಡ ಯಾವುದೂ ಇಲ್ಲದ ದೇಶಕ್ಕೆ ಅವರು ಅಧ್ಯಕ್ಷರಾದರು. ಒಬ್ಬರೇ ನಿಂತು ಗೆದ್ದ ಚುನಾವಣೆಯನ್ನು ಪೂರಾ ಪ್ರಜಾಪ್ರಭುತ್ವ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಜನ ಪೊಲೀಸರ ಭಯದಲ್ಲೂ ಸಾಲುಗಟ್ಟಿ ವೋಟು ಹಾಕಿದ್ದು ಸುಳ್ಳಲ್ಲ.

## ಮನೆಯೊಳಗಿನ ದೇಶ

ಮನೆಗಳಲ್ಲಿ ಶಾಲೆ ನಡೆಸ್ತಿದ್ರು ಅಂತ ಕೇಳಿದ್ದೀನಿ. ಹೇಗೆ?

ರುಗೋವಾ ಕಾಲದ ಬಗ್ಗೆ ಒಂದೇ ಒಂದು ವಿಷಯ ತಿಳಿಯಬೇಕು ಅಂದರೆ ಇದನ್ನೇ ತಿಳಿಯಿರಿ ಅಂತ ಹೇಳುತ್ತೇನೆ.

ಸ್ವಾಯತ್ತತೆ ಹೋದ ಮೇಲೆ ಅಲ್ಬೇನಿಯನ್ನರನ್ನು ಕೆಲಸದಿಂದ ತೆಗೆಯಲು ಶುರು ಮಾಡಿದರು. ಡಾಕ್ಟರು, ಗಣಿ ಕಾರ್ಮಿಕರು, ಕಾರಕೂನರು, ಪೊಲೀಸರು, ರೇಡಿಯೊ, ಟಿವಿಯವರು. ಒಟ್ಟು ಲಕ್ಷಕ್ಕೂ ಹೆಚ್ಚು ಜನ. ಶಾಲೆಗಳಲ್ಲಿ ಸರ್ಬಿಯಾದ ಪಠ್ಯವನ್ನೇ ಕಲಿಸಬೇಕು ಅಂತ ಆಜ್ಞೆ ಬಂತು. ಮೇಷ್ಟ್ರುಗಳು ಒಪ್ಪಲಿಲ್ಲ. ಸಂಬಳ ನಿಂತಿತು. 1991ರ ಹೊತ್ತಿಗೆ ಪ್ರೌಢಶಾಲೆಗಳ, ವಿಶ್ವವಿದ್ಯಾಲಯದ ಬಾಗಿಲು ಅಲ್ಬೇನಿಯನ್ ಮಕ್ಕಳಿಗೆ ಮುಚ್ಚಿತು. ಪ್ರಾಥಮಿಕ ಶಾಲೆಗಳಲ್ಲಿ ಹಲವು ಕಡೆ ಅವರು ಹಳೇ ಕಟ್ಟಡದಲ್ಲೇ ಉಳಿದರು. ಕೆಲವೆಡೆ ಸರ್ಬ್ ಮಕ್ಕಳ ಕೋಣೆಗೂ ಅಲ್ಬೇನಿಯನ್ ಮಕ್ಕಳ ಕೋಣೆಗೂ ನಡುವೆ ಗೋಡೆ ಎದ್ದಿತು.

ಆಗ ಜನ ತಮ್ಮ ಮನೆಗಳನ್ನೇ ಬಿಟ್ಟುಕೊಟ್ಟರು. ಪ್ರಿಷ್ಟಿನಾದ ಹೆರ್ಟಿಸಾ ಮನೆತನದ ಮನೆ ಇವುಗಳಲ್ಲಿ ಹೆಸರಾದದ್ದು. ಬೆಂಚಿಲ್ಲ. ಹುಡುಗ ಹುಡುಗಿಯರು ನೆಲದ ಮೇಲೆ ಒತ್ತೊತ್ತಾಗಿ ಕೂತು, ನೋಟುಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದರು. ಒಂದು ತಂಡ ಮುಗಿಯುತ್ತಿದ್ದ ಹಾಗೆ ಇನ್ನೊಂದು. ಒಟ್ಟಿಗೆ ಹೊರಗೆ ಬಂದರೆ ಪೊಲೀಸರ ಕಣ್ಣಿಗೆ ಬೀಳುತ್ತಾರೆ ಅಂತ ಇಬ್ಬಿಬ್ಬರಾಗಿ, ಮೂವರಾಗಿ ಹೊರಡುತ್ತಿದ್ದರು. ಓದು ಮುಗಿಸಿದವರಿಗೆ ಸಿಗುತ್ತಿದ್ದ ಪ್ರಮಾಣಪತ್ರದ ಮೇಲೆ ಕೊಸೊವೊ ಗಣರಾಜ್ಯದ ಮುದ್ರೆ. ಜಗತ್ತು ಒಪ್ಪದ ಮುದ್ರೆ ಅದು. ಪೊಲೀಸರ ಕೈಗೆ ಸಿಕ್ಕರೆ ಏಟು ಗ್ಯಾರಂಟಿ.

ಹೀಗೆ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳ ಓದು ವರ್ಷಗಟ್ಟಲೆ ನಡೆಯಿತು. ಗುಣಮಟ್ಟ ಬಿದ್ದದ್ದು ನಿಜ. ಪ್ರಯೋಗಾಲಯ ಇಲ್ಲದೆ ರಸಾಯನಶಾಸ್ತ್ರ, ಆಸ್ಪತ್ರೆ ಇಲ್ಲದೆ ವೈದ್ಯಕೀಯ ಕಲಿಯುವುದು ಹೇಗೆ, ಅಲ್ವಾ? ಬಿಟ್ಟುಹೋದ ಹೆಣ್ಣುಮಕ್ಕಳು ಬಹಳ, ಹಳ್ಳಿಗಳಲ್ಲಿ ಅದರಲ್ಲೂ. ಆದರೂ ಒಂದು ತಲೆಮಾರು ಅನಕ್ಷರಸ್ಥವಾಗಲಿಲ್ಲ. ಹೆರ್ಟಿಸಾ ಮನೆಯನ್ನು ಈಗ ಆ ಕಾಲದ ನೆನಪಿಗೆ ಕಾಪಾಡಿಕೊಂಡಿದ್ದಾರೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರ್ತಿತ್ತು?

ಹೊರದೇಶದಲ್ಲಿದ್ದ ಕೊಸೊವೊ ಜನರಿಂದ. ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಡ ಕೆಲಸ, ಕಾರ್ಖಾನೆ ಕೆಲಸಕ್ಕೆ ಹೋದವರು ತಮ್ಮ ಸಂಪಾದನೆಯಲ್ಲಿ ನೂರಕ್ಕೆ ಮೂರು ಕೊಡಬೇಕು ಅನ್ನುವುದು ನಿಯಮ. ಕಾನೂನಿನ ಬಲವಿಲ್ಲದ ತೆರಿಗೆ ಅದು. ಊರಲ್ಲಿದ್ದ ವ್ಯಾಪಾರಿಗಳೂ ಕೊಡುತ್ತಿದ್ದರು. ಪ್ರಧಾನಿ ಬುಯಾರ್ ಬುಕೋಷಿ ಜರ್ಮನಿಯಲ್ಲಿ ಕೂತು ಈ ಹಣ ನೋಡಿಕೊಳ್ಳುತ್ತಿದ್ದರು. ಮೇಷ್ಟ್ರುಗಳಿಗೆ ಅದರಿಂದಲೇ ಚೂರುಪಾರು ಸಂಬಳ. ಕೊನೆಕೊನೆಗೆ ರುಗೋವಾ, ಬುಕೋಷಿ ನಡುವೆ ಸಂಬಂಧ ಕೆಟ್ಟಿತು.

ಮದರ್ ತೆರೇಸಾಗೂ ಇದಕ್ಕೂ ಏನೋ ನಂಟಿದೆಯಂತೆ?

ಇದೆ. ನಾವು ಕಲ್ಕತ್ತದವರು ಅಂತ ತಿಳಿದಿರುವ ಮದರ್ ತೆರೇಸಾ ಹುಟ್ಟಿದ್ದು 1910ರಲ್ಲಿ, ಕೊಸೊವೊದ ಪಕ್ಕದ ಸ್ಕೋಪಿಯೆಯಲ್ಲಿ, ಅಲ್ಬೇನಿಯನ್ ಮನೆಯಲ್ಲಿ. ಆಸ್ಪತ್ರೆಗಳಿಂದ ಅಲ್ಬೇನಿಯನ್ ಡಾಕ್ಟರು, ನರ್ಸುಗಳನ್ನು ಹೊರಹಾಕಿದಾಗ 1990ರಲ್ಲಿ ಒಂದು ಸೇವಾ ಸಂಘ ಎದ್ದಿತು. ಅದಕ್ಕೆ ಇಟ್ಟ ಹೆಸರು ಅವರದೇ. ಊರೂರುಗಳಲ್ಲಿ ಅದು ಚಿಕಿತ್ಸಾಲಯ ತೆರೆಯಿತು. ಹೆರಿಗೆ, ಲಸಿಕೆ, ಔಷಧಿ, ಬಡವರಿಗೆ ದಿನಸಿ ಎಲ್ಲ ಅಲ್ಲೇ. ಮುಸ್ಲಿಮರೇ ಹೆಚ್ಚಿದ್ದ ನಾಡಿನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ಹೆಸರಿಗೆ ಯಾರೂ ತಕರಾರು ತೆಗೆಯಲಿಲ್ಲ. ಇವತ್ತು ಪ್ರಿಷ್ಟಿನಾದ ಮುಖ್ಯ ಬೀದಿ ಅವರ ಹೆಸರಿನಲ್ಲಿದೆ. ಅವರ ಹೆಸರಿನ ಕೆಥೆಡ್ರಲ್ಲಿಗೆ 2005ರಲ್ಲಿ ಅಡಿಗಲ್ಲು ಇಟ್ಟವರು ರುಗೋವಾ.

ರಕ್ತದ ಹಗೆ ಬಿಡಿಸಿದ್ದೂ ರುಗೋವಾನೇ?

ಅದರ ಕೀರ್ತಿ ಆಂಟೊನ್ ಚೆಟಾ ಅವರಿಗೆ, ಅವರ ಜೊತೆ ಹಳ್ಳಿ ಹಳ್ಳಿ ಸುತ್ತಿದ ಹುಡುಗ ಹುಡುಗಿಯರಿಗೆ ಸಲ್ಲಬೇಕು. ಚೆಟಾ ಜಾನಪದ ವಿದ್ವಾಂಸರು, ರುಗೋವಾ ಕೆಲಸ ಮಾಡಿದ್ದ ಸಂಸ್ಥೆಯವರೇ. ಕೊಲೆಗೆ ಕೊಲೆ ಅನ್ನುವ ಕಟ್ಟಳೆಯಿಂದಾಗಿ ಎಷ್ಟೋ ಮನೆಗಳ ಗಂಡಸರು ಹೊಸ್ತಿಲು ದಾಟುವ ಹಾಗಿರಲಿಲ್ಲ. 1990ರಲ್ಲಿ ಈ ತಂಡ ಸತ್ತವರ ಮನೆಗಳಿಗೆ ಹೋಗಿ ಕೂತು ಕ್ಷಮೆ ಕೇಳಿತು. ಯುವಜನರ ಹೆಸರಿನಲ್ಲಿ, ನಾಡಿನ ಹೆಸರಿನಲ್ಲಿ ಕ್ಷಮಿಸಿ ಅಂತ. ಅದೇ ವರ್ಷ ಮೇ 1ರಂದು ವೆರಾತ್ ಎ ಲುಕೆಸ್ ಎಂಬ ಬಯಲಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಅವರೆದುರಿಗೆ ಒಂದೊಂದೇ ಮನೆತನ ಮುಂದೆ ಬಂದು ಹಗೆ ಬಿಟ್ಟೆವು ಅಂದಿತು. ಎರಡು ವರ್ಷದಲ್ಲಿ ಸಾವಿರದಷ್ಟು ಹಗೆಗಳು ಮುಗಿದವು. ರುಗೋವಾ ಹೇಳುತ್ತಿದ್ದ ಶಾಂತಿಗೆ ನೆಲ ಹದ ಮಾಡಿಕೊಟ್ಟದ್ದು ಇದು.

## ಕಷ್ಟದ ಪ್ರಶ್ನೆಗಳು

‘ಬಾಲ್ಕನ್ನಿನ ಗಾಂಧಿ’ ಅಂತಾರಲ್ಲ, ಅದು ಸರೀನಾ?

ಅರ್ಧ ಸರಿ. ಪತ್ರಕರ್ತರಿಗೆ ಕೈಗೆಟುಕುವ ಹೆಸರು ಅದು, ಹಾಗಾಗಿ ಅಂಟಿಕೊಂಡಿತು.

ಆಯುಧ ಬೇಡ ಅನ್ನುವುದರಲ್ಲಿ ಇಬ್ಬರೂ ಒಂದೇ. ಕಾರಣ ಮಾತ್ರ ಬೇರೆ. ಗಾಂಧೀಜಿಗೆ ಅಹಿಂಸೆ ಧರ್ಮ. ರುಗೋವಾ ಅವರದು ಲೆಕ್ಕಾಚಾರ ಕೂಡ. ನಮ್ಮ ಕೈಯಲ್ಲಿ ಏನೂ ಇಲ್ಲ, ಅವರ ಕೈಯಲ್ಲಿ ಟ್ಯಾಂಕುಗಳಿವೆ, ನಾವು ಕಲ್ಲು ಎಸೆದರೂ ಅವರಿಗೆ ನೆವ ಸಿಗುತ್ತದೆ, ಕೊಲೆಯಾಗಿ ಹೋಗುವುದಕ್ಕಿಂತ ಸುಮ್ಮನಿದ್ದು ಬದುಕುವುದು ಮೇಲು ಎಂಬ ಅರ್ಥದ ಮಾತನ್ನು 1992ರಲ್ಲೇ ಅವರು ಹೇಳಿದ್ದರು. ಆ ವರ್ಷ ಯುಗೊಸ್ಲಾವಿಯಾದಿಂದ ಬೇರೆಯಾದ ಬೋಸ್ನಿಯಾದಲ್ಲಿ ಯುದ್ಧ ಹೊತ್ತಿ ಆಗುತ್ತಿದ್ದದ್ದನ್ನು ನೋಡಿದ ಯಾರಿಗೂ ಅದು ಹೇಡಿತನ ಅನ್ನಿಸಲಾರದು.

ದೊಡ್ಡ ವ್ಯತ್ಯಾಸ ಬೀದಿಯಲ್ಲಿದೆ. ಗಾಂಧೀಜಿ ಉಪ್ಪು ಹಿಡಿದು, ಕಾನೂನು ಮುರಿದೆ ಬಂಧಿಸಿ ಅಂತ ಎದುರಿಗೆ ನಿಂತರು. ಜೈಲು ತುಂಬಿಸುವುದೇ ಅವರ ದಾರಿ. ಮೊದಲ ಒಂದೆರಡು ವರ್ಷ ಬಿಟ್ಟರೆ ರುಗೋವಾ ಜನರನ್ನು ಬೀದಿಗೆ ಕರೆಯಲಿಲ್ಲ. ಸರ್ಬ್ ಆಡಳಿತ ಇಲ್ಲವೇ ಇಲ್ಲ ಅನ್ನುವ ಹಾಗೆ ಬದುಕಿ ಅಂದರು. ಮಿಲೊಸೆವಿಚ್‌ಗೆ ಇದರಿಂದ ಅಷ್ಟೇನೂ ತೊಂದರೆ ಆಗಲಿಲ್ಲ. ಎದುರಾಳಿಗೆ ದಿನದಿನವೂ ಮುಜುಗರ ತರುವ ಶಕ್ತಿ ಸತ್ಯಾಗ್ರಹಕ್ಕಿತ್ತು. ಈ ಚಳವಳಿ ಆ ಶಕ್ತಿಯನ್ನು ಬಳಸಿಕೊಳ್ಳಲಿಲ್ಲ. ಇದು ರುಗೋವಾ ಅವರ ಕೊರತೆ ಅಂತಲೇ ನನ್ನ ಅಭಿಪ್ರಾಯ.

ಅಷ್ಟು ವರ್ಷ ತಾಳ್ಮೆಯಿಂದ ಇದ್ದ ಜನ ಯಾಕೆ ತಿರುಗಿಬಿದ್ರು?

ಡೇಟನ್ ಒಪ್ಪಂದದಿಂದ. 1995ರ ನವೆಂಬರಿನಲ್ಲಿ ಅಮೆರಿಕದ ಡೇಟನ್‌ನಲ್ಲಿ ಬೋಸ್ನಿಯಾ ಯುದ್ಧ ಮುಗಿಸುವ ಮಾತುಕತೆ ನಡೆಯಿತು. ಅಲ್ಲಿ ಕೊಸೊವೊ ವಿಷಯ ಎತ್ತಿಕೊಳ್ಳಲೇ ಇಲ್ಲ. ಕಾದಿದ್ದರೆ ಲೋಕ ನಮ್ಮ ಕಡೆ ನೋಡುತ್ತದೆ ಅನ್ನುವುದು ರುಗೋವಾ ರಾಜಕೀಯದ ತಳಪಾಯ. ಬಂದೂಕು ಹಿಡಿದವರನ್ನು ಕರೆದು ಮೇಜಿನ ಮುಂದೆ ಕೂರಿಸಿದರು, ಶಾಂತವಾಗಿದ್ದವರನ್ನು ಮರೆತರು. ಪ್ರಿಷ್ಟಿನಾದ ಯುವಕರು ಇದರಿಂದ ಏನು ಕಲಿತಿರಬಹುದು?

1996ರಲ್ಲಿ ಮಕ್ಕಳನ್ನು ಶಾಲಾ ಕಟ್ಟಡಕ್ಕೆ ಮರಳಿಸುವ ಒಪ್ಪಂದಕ್ಕೆ ಮಿಲೊಸೆವಿಚ್, ರುಗೋವಾ ಇಬ್ಬರೂ ಸಹಿ ಹಾಕಿದರು. ರೋಮ್‌ನ ಒಂದು ಕ್ಯಾಥೊಲಿಕ್ ಸಂಘಟನೆ ಮಧ್ಯಸ್ಥಿಕೆ ವಹಿಸಿತ್ತು. ಅದು ಕಾಗದದಲ್ಲೇ ಉಳಿಯಿತು. 1997ರ ಅಕ್ಟೋಬರ್ 1ರಂದು ವಿದ್ಯಾರ್ಥಿಗಳು ಬಿಳಿ ಅಂಗಿ ತೊಟ್ಟು ಬೀದಿಗಿಳಿದರು. ಮುಂದೂಡಿ ಅಂತ ರುಗೋವಾ ಕೇಳಿಕೊಂಡಿದ್ದರು. ಹುಡುಗರು ಕೇಳಲಿಲ್ಲ. ಪೊಲೀಸರಿಂದ ಏಟು ತಿಂದರು, ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ಆ ವಿದ್ಯಾರ್ಥಿ ಮುಂದಾಳುಗಳಲ್ಲಿ ಒಬ್ಬರಾದ ಅಲ್ಬಿನ್ ಕುರ್ತಿ ಮುಂದೆ ದೇಶದ ಪ್ರಧಾನಿಯಾದರು.

ಕೊಸೊವೊ ವಿಮೋಚನಾ ಸೇನೆ ಬಂದಾಗ ರುಗೋವಾ ಏನಂದ್ರು?

ಸರ್ಬ್ ಆಡಳಿತದ ವಿರುದ್ಧ ಬಂದೂಕು ಹಿಡಿದ ಅಲ್ಬೇನಿಯನ್ನರ ಗುಂಪು ಅದು. ರುಗೋವಾ ಮೊದಲು ನಂಬಲೇ ಇಲ್ಲ. ಇದು ಸರ್ಬ್ ಗೂಢಚಾರರ ಕೈವಾಡ ಇರಬೇಕು ಅಂದರು. 1997ರಲ್ಲಿ ಅಲ್ಬೇನಿಯಾದಲ್ಲಿ ಹಣ ದುಪ್ಪಟ್ಟು ಮಾಡುವ ಸ್ಕೀಮುಗಳು ಮುಳುಗಿ ಸರ್ಕಾರವೇ ಕುಸಿಯಿತು. ಸೇನೆಯ ಉಗ್ರಾಣಗಳನ್ನು ಜನ ಲೂಟಿ ಮಾಡಿದರು. ಬಂದೂಕುಗಳು ಗಡಿ ದಾಟಿ ಬಂದವು. ಆ ನವೆಂಬರಿನಲ್ಲಿ ಒಬ್ಬ ಮೇಷ್ಟ್ರ ಶವಸಂಸ್ಕಾರದಲ್ಲಿ ವಿಮೋಚನಾ ಸೇನೆಯವರು ಮೊದಲ ಸಲ ಎಲ್ಲರೆದುರು ಕಾಣಿಸಿಕೊಂಡರು.

1998ರ ಮಾರ್ಚಿನಲ್ಲಿ ಸರ್ಬ್ ಪಡೆಗಳು ಪ್ರೆಕಾಜ್ ಹಳ್ಳಿಯಲ್ಲಿ ಆ ಸೇನೆಯ ಮುಂದಾಳೊಬ್ಬರ ಯಶಾರಿ ಮನೆತನವನ್ನು ಮುತ್ತಿ, ಹೆಂಗಸರು ಮಕ್ಕಳೂ ಸೇರಿದಂತೆ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದವು. ಅದಾದ ಮೇಲೆ ಶಾಂತಿ ಅನ್ನುವ ಮಾತಿಗೆ ಕಿವಿ ಕೊಡುವವರು ಕಮ್ಮಿಯಾದರು. 1999ರ ಫೆಬ್ರವರಿಯಲ್ಲಿ ಫ್ರಾನ್ಸಿನ ರಾಂಬುಯೆಯಲ್ಲಿ ಮಾತುಕತೆ ನಡೆದಾಗ ಕೊಸೊವೊ ನಿಯೋಗದ ಮುಖ್ಯಸ್ಥರು ಮೂವತ್ತರ ಹರೆಯದ ಹಾಶಿಮ್ ಥಾಚಿ, ಸೇನೆಯ ಕಡೆಯವರು. ರುಗೋವಾ ಬರೀ ಒಬ್ಬ ಸದಸ್ಯರು.

ಯುದ್ಧದ ನಡುವೆ ಮಿಲೊಸೆವಿಚ್ ಜೊತೆ ಟಿವಿಯಲ್ಲಿ ಕಾಣಿಸಿಕೊಂಡರಲ್ಲ. ಅದು ದ್ರೋಹ ಅಲ್ವಾ?

ಆ ಮಾತುಕತೆ ಫಲ ಕೊಡಲಿಲ್ಲ. 1999ರ ಮಾರ್ಚ್ 24ಕ್ಕೆ ಸರ್ಬಿಯಾದ ಮೇಲೆ ಪಶ್ಚಿಮ ದೇಶಗಳ ಸೇನಾ ಕೂಟ ನೇಟೊದ ಬಾಂಬು ದಾಳಿ ಶುರುವಾಯಿತು. ಸರ್ಬ್ ಪಡೆಗಳು ಎಂಟು ಲಕ್ಷಕ್ಕೂ ಹೆಚ್ಚು ಅಲ್ಬೇನಿಯನ್ನರನ್ನು ಗಡಿಯಾಚೆ ಅಟ್ಟಿದವು. ರುಗೋವಾ ಪ್ರಿಷ್ಟಿನಾದ ತಮ್ಮ ಮನೆಯಲ್ಲೇ, ಹೆಂಡತಿ ಮಕ್ಕಳ ಜೊತೆ, ಪೊಲೀಸರ ವಶದಲ್ಲಿದ್ದರು. ಏಪ್ರಿಲ್ 1ರಂದು ಅವರನ್ನು ಬೆಲ್‌ಗ್ರೇಡಿಗೆ ಕರೆದೊಯ್ದು ಮಿಲೊಸೆವಿಚ್ ಪಕ್ಕ ಕೂರಿಸಿ ಟಿವಿಯಲ್ಲಿ ತೋರಿಸಿದರು. ಶಾಂತಿ ಮಾತುಕತೆ ಬೇಕು ಅನ್ನುವ ಹೇಳಿಕೆಗೆ ಸಹಿಯೂ ಬಿತ್ತು. ನಿರಾಶ್ರಿತರ ಡೇರೆಗಳಲ್ಲಿದ್ದವರಿಗೆ ಅದನ್ನು ನೋಡಿ ಹೊಟ್ಟೆ ಉರಿದಿದ್ದರೆ ತಪ್ಪಿಲ್ಲ.

ದ್ರೋಹ ಅನ್ನಲಾರೆ. ಮನೆಯ ಸುತ್ತ ಶಸ್ತ್ರಧಾರಿಗಳು ನಿಂತಿರುವಾಗ ಮಾಡಿಸಿದ ಸಹಿಗೆ ಬೆಲೆ ಎಷ್ಟು? ಅವರ ಪಕ್ಷದ ಮಿದುಳು ಅನ್ನಿಸಿಕೊಂಡಿದ್ದ ಸಮಾಜಶಾಸ್ತ್ರಜ್ಞ ಫೆಹ್ಮಿ ಅಗಾನಿಯವರನ್ನು ಆ ಮೇ ತಿಂಗಳಲ್ಲಿ ಕೊಂದುಹಾಕಿದರು. ಮೇ 5ರಂದು ರುಗೋವಾ ಅವರನ್ನು ರೋಮ್‌ಗೆ ಹೋಗಲು ಬಿಟ್ಟರು. ನಾನು ಅವರನ್ನು ಪ್ರಶ್ನಿಸುವುದು ಇದರ ಮುಂದಿನ ಭಾಗಕ್ಕೆ. ಜೂನಿನಲ್ಲಿ ಯುದ್ಧ ಮುಗಿದು ಜನ ಟ್ರ್ಯಾಕ್ಟರುಗಳಲ್ಲಿ ಊರಿಗೆ ಮರಳುತ್ತಿದ್ದರು. ರುಗೋವಾ ಮಾತ್ರ ವಾರಗಟ್ಟಲೆ ತಡ ಮಾಡಿದರು. ಆ ಹೊತ್ತಿನಲ್ಲಿ ಜನರ ನಡುವೆ ಇರಬೇಕಿತ್ತು.

2002ರ ಮೇ ತಿಂಗಳಲ್ಲಿ ಹೇಗ್‌ನ ಯುದ್ಧಾಪರಾಧ ನ್ಯಾಯಾಲಯದಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಮಿಲೊಸೆವಿಚ್ ಕಟಕಟೆಯಲ್ಲಿ, ರುಗೋವಾ ಸಾಕ್ಷಿ. ವಕೀಲರನ್ನು ಒಲ್ಲದ ಮಿಲೊಸೆವಿಚ್ ತಾವೇ ಪಾಟೀಸವಾಲು ಮಾಡಿದರು. ನನ್ನನ್ನು ಬಲವಂತವಾಗಿ ಇಟ್ಟುಕೊಂಡಿದ್ದರು ಅಂತ ರುಗೋವಾ ಅದೇ ಮೆಲುದನಿಯಲ್ಲಿ ಹೇಳಿದರು.

ಯುದ್ಧ ಗೆದ್ದವರು ಬೇರೆಯವರು. ಮತ್ತೆ ಚುನಾವಣೆ ಗೆದ್ದದ್ದು ಇವರು ಹೇಗೆ?

ಅವರ ಕಥೆ ಮುಗಿಯಿತು ಅಂತ ಎಲ್ಲರೂ ಬರೆದಿದ್ದರು. 2000ದ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಆಡಳಿತದಡಿ ಸ್ಥಳೀಯ ಚುನಾವಣೆ ನಡೆಯಿತು. ಎಲ್‌ಡಿಕೆಗೆ 58 ಶೇಕಡಾ ವೋಟು ಬಂತು. ಥಾಚಿಯವರ ಪಕ್ಷ ಅದರ ಅರ್ಧದಷ್ಟೂ ಪಡೆಯಲಿಲ್ಲ.

ಯುದ್ಧ ಮುಗಿದ ಮೇಲೆ ಬಂದೂಕಿನವರು ಊರೂರಲ್ಲಿ ಕಚೇರಿ, ಅಂಗಡಿ, ಫ್ಲ್ಯಾಟುಗಳನ್ನು ಹಿಡಿದುಕೊಂಡಿದ್ದರು. ರುಗೋವಾ ಕಡೆಯವರ ಕೊಲೆಗಳೂ ಆದವು. ಜನ ಇದನ್ನೆಲ್ಲ ನೋಡಿದರು, ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು. 2002ರ ಮಾರ್ಚ್ 4ರಂದು ಹೊಸ ವಿಧಾನಸಭೆ ರುಗೋವಾ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 2004ರಲ್ಲಿ ಮತ್ತೊಮ್ಮೆ. 2005ರ ಮಾರ್ಚ್ 15ರಂದು ಪ್ರಿಷ್ಟಿನಾದಲ್ಲಿ ಅವರ ಕಾರುಗಳು ಹೋಗುತ್ತಿದ್ದಾಗ ರಸ್ತೆ ಬದಿ ಬಾಂಬು ಸಿಡಿಯಿತು. ಪಾರಾದರು.

ಶಾಂತಿವಾದಿ ಅಂತೀರಿ. ಹಾಗಾದ್ರೆ ರಾಷ್ಟ್ರವಾದಿ ಹೇಗೆ? ಸರ್ಬರ ಬಗ್ಗೆ ಅವರ ನಿಲುವೇನು?

ಎರಡೂ ಹೌದು. ದಾರಿಯಲ್ಲಿ ಮೃದು, ಗುರಿಯಲ್ಲಿ ಕಲ್ಲು. ಪೂರ್ಣ ಸ್ವಾತಂತ್ರ್ಯ ಅನ್ನುವ ಬೇಡಿಕೆಯಿಂದ ಅವರು ಹಿಂದೆ ಸರಿಯಲಿಲ್ಲ. ಆದರೆ ಅಲ್ಬೇನಿಯಾ ಜೊತೆ ಸೇರಿ ದೊಡ್ಡ ರಾಷ್ಟ್ರ ಮಾಡುವ ಕನಸಿನ ಹಿಂದೆಯೂ ಹೋಗಲಿಲ್ಲ. ಸರ್ಬಿಯಾ, ಅಲ್ಬೇನಿಯಾ ಎರಡಕ್ಕೂ ಬಾಗಿಲು ತೆರೆದ ತಟಸ್ಥ ಕೊಸೊವೊ ಅವರು ಕೇಳಿದ್ದು. ಆ ಸೀಮೆಯ ಪ್ರಾಚೀನ ಹೆಸರು ದಾರ್ದಾನಿಯಾ, ಆ ಹೆಸರಿನಲ್ಲಿ ಒಂದು ಬಾವುಟವನ್ನೂ ಮಾಡಿಸಿದ್ದರು.

ಸರ್ಬರ ವಿಷಯದಲ್ಲಿ ಅವರ ಲೆಕ್ಕ ಅಷ್ಟು ಚೊಕ್ಕವಾಗಿಲ್ಲ. 1999ರ ನಂತರ ಸೇಡಿಗೆ ಹೆದರಿ ಸರ್ಬರು, ಅಲ್ಪಸಂಖ್ಯಾತ ರೋಮಾ ಸಮುದಾಯದ ಜನರು ದೊಡ್ಡ ಸಂಖ್ಯೆಯಲ್ಲಿ ಓಡಿಹೋದರು. 2004ರ ಮಾರ್ಚಿನಲ್ಲಿ ಎರಡು ದಿನ ಗಲಭೆ ನಡೆದು 19 ಜನ ಸತ್ತರು, ಸರ್ಬರ ಮನೆಗಳು, ಹಳೆಯ ಚರ್ಚುಗಳು ಸುಟ್ಟುಹೋದವು. ಅಹಿಂಸೆಗೆ ಹೆಸರಾದ ಅಧ್ಯಕ್ಷರಿಂದ ಆ ಎರಡು ದಿನ ಬರಬೇಕಿದ್ದ ಗಟ್ಟಿ ದನಿ ಬರಲಿಲ್ಲ. ಅವರನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು.

ಸ್ವತಂತ್ರ ಕೊಸೊವೊವನ್ನು ಅವರು ನೋಡಿದ್ರಾ?

ಇಲ್ಲ. 2005ರ ಸೆಪ್ಟೆಂಬರಿನಲ್ಲಿ ತಮಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಅಂತ ಅವರೇ ಟಿವಿಯಲ್ಲಿ ಹೇಳಿದರು. 2006ರ ಜನವರಿ 21ರಂದು ತೀರಿಕೊಂಡರು. 61 ವರ್ಷ. ಕೊಸೊವೊದ ಭವಿಷ್ಯದ ಮಾತುಕತೆ ಕೆಲವೇ ದಿನಗಳಲ್ಲಿ ಶುರುವಾಗಬೇಕಿತ್ತು, ಅವರ ಸಾವಿನಿಂದ ಮುಂದಕ್ಕೆ ಹೋಯಿತು. ಕೊರೆಯುವ ಚಳಿಯಲ್ಲಿ ಲಕ್ಷಾಂತರ ಜನ ಬೀದಿಯಲ್ಲಿ ನಿಂತು ಬೀಳ್ಕೊಟ್ಟರು. ಪ್ರಿಷ್ಟಿನಾದ ವೆಲಾನಿಯಾ ಗುಡ್ಡದ ಮೇಲೆ ಸಮಾಧಿಯಿದೆ. ಮಿಲೊಸೆವಿಚ್ ಕೂಡ ಎರಡು ತಿಂಗಳೊಳಗೆ, ಮಾರ್ಚ್ 11ರಂದು, ಹೇಗ್‌ನ ಸೆರೆಯಲ್ಲಿ ಸತ್ತರು. ಕೊಸೊವೊ ಸ್ವಾತಂತ್ರ್ಯ ಘೋಷಿಸಿದ್ದು 2008ರ ಫೆಬ್ರವರಿ 17ರಂದು.

ಭಾರತ ಕೊಸೊವೊವನ್ನು ಯಾಕೆ ಒಪ್ಪಿಲ್ಲ?

ಒಂದು ದೇಶದ ಭಾಗ ಆ ದೇಶದ ಒಪ್ಪಿಗೆ ಇಲ್ಲದೆ ಬೇರೆಯಾಗುವುದನ್ನು ಭಾರತ ಒಪ್ಪುವುದಿಲ್ಲ. ಅದು ನಮ್ಮ ಹಳೆಯ ನಿಲುವು, ಅದರ ಹಿಂದಿನ ಚಿಂತೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ ನೇಟೊ 1999ರಲ್ಲಿ ಬಾಂಬು ಹಾಕಿದ್ದನ್ನೂ ಭಾರತ ವಿರೋಧಿಸಿತ್ತು. ರಷ್ಯಾ, ಚೀನಾ ಕೂಡ ಕೊಸೊವೊವನ್ನು ಗುರುತಿಸಿಲ್ಲ, ಯುರೋಪಿನಲ್ಲೇ ಸ್ಪೇನ್ ಗುರುತಿಸಿಲ್ಲ. ಸ್ವಾತಂತ್ರ್ಯ ಘೋಷಿಸಿದ್ದರಿಂದ ಅಂತರರಾಷ್ಟ್ರೀಯ ಕಾನೂನು ಮುರಿದಂತಾಗಿಲ್ಲ ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 2010ರಲ್ಲಿ ಅಭಿಪ್ರಾಯ ಕೊಟ್ಟಿದೆ. ಆ ಅಭಿಪ್ರಾಯ ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ.

ಕೊನೆಗೆ ಗೆಲ್ಲಿಸಿದ್ದು ಬಂದೂಕು ಮತ್ತು ನೇಟೊ. ಹಾಗಾದ್ರೆ ರುಗೋವಾ ದಾರಿ ಸೋತಿತು ಅಂತ ತಾನೇ?

ಈ ಪ್ರಶ್ನೆ ಕೇಳುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ.

1992ರಿಂದ 1995ರವರೆಗಿನ ನಕ್ಷೆ ನೋಡಿ. ಬೋಸ್ನಿಯಾ ಉರಿಯುತ್ತಿತ್ತು. ಒಂದು ಲಕ್ಷದಷ್ಟು ಜನ ಸತ್ತರು. ಆಗಲೇ ಕೊಸೊವೊದಲ್ಲೂ ಬಂದೂಕು ಎದ್ದಿದ್ದರೆ ತಡೆಯಲು ಯಾರೂ ಬರುತ್ತಿರಲಿಲ್ಲ. ಬೋಸ್ನಿಯಾಕ್ಕೇ ಮೂರು ವರ್ಷ ಬರಲಿಲ್ಲವಲ್ಲ. 1998ರಿಂದ 2000ದವರೆಗೆ ಕೊಸೊವೊದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಆ ಸಂಖ್ಯೆ ಚಿಕ್ಕದಲ್ಲ. ಆರು ವರ್ಷ ಮೊದಲೇ ಯುದ್ಧ ಬಂದಿದ್ದರೆ ಅದು ಎಲ್ಲಿಗೆ ಮುಟ್ಟುತ್ತಿತ್ತೋ.

ಇನ್ನೊಂದು ಕಡೆಯಿಂದಲೂ ನೋಡಬೇಕು. 1999ರಲ್ಲಿ ಹತ್ತೊಂಬತ್ತು ದೇಶಗಳ ನೇಟೊ ಕೊಸೊವೊ ಪರ ನಿಂತಿತು. ಬೋಸ್ನಿಯಾದಲ್ಲಿ ಸುಮ್ಮನಿದ್ದ ನಾಚಿಕೆ ಅದಕ್ಕೆ ಒಂದು ಕಾರಣ. ರುಗೋವಾ ಹತ್ತು ವರ್ಷ ರಾಜಧಾನಿಯಿಂದ ರಾಜಧಾನಿಗೆ ಅಲೆದು, ನಾವು ಕೈ ಎತ್ತಿಲ್ಲ, ನಮ್ಮ ಮಕ್ಕಳು ನೆಲದ ಮೇಲೆ ಕೂತು ಓದುತ್ತಿದ್ದಾರೆ ಅಂತ ಹೇಳುತ್ತ ಗಳಿಸಿದ ವಿಶ್ವಾಸ ಇನ್ನೊಂದು ಕಾರಣ ಅಂತ ನಾನು ನಂಬುತ್ತೇನೆ. ಬರೀ ಬಂದೂಕಿನಿಂದ ಶುರುವಾಗಿದ್ದ ಚಳವಳಿಗೆ ಆ ಕಿವಿಗಳು ಸಿಗುತ್ತಿರಲಿಲ್ಲ.

ಸೋತದ್ದು ಎಲ್ಲಿ ಅಂದರೆ, ಲೋಕ ಕೈಕೊಟ್ಟರೆ ಮುಂದೇನು ಅನ್ನುವುದಕ್ಕೆ ಅವರ ಬಳಿ ಬೇರೆ ಯೋಜನೆ ಇರಲಿಲ್ಲ. 1995ರ ಚಳಿಗಾಲದಲ್ಲೇ ವಿದ್ಯಾರ್ಥಿಗಳ ಜೊತೆ, ಮೇಷ್ಟ್ರುಗಳ ಜೊತೆ ಅವರೂ ಬೀದಿಗಿಳಿದು, ಆಯುಧವಿಲ್ಲದೆ, ಬಂಧನಕ್ಕೆ ಎದೆಯೊಡ್ಡಿ ನಿಂತಿದ್ದರೆ? 1997ರಲ್ಲಿ ಬಿಳಿ ಅಂಗಿಯ ಹುಡುಗರು ಅದನ್ನು ಮಾಡಿ ತೋರಿಸಿದರು. ಎರಡು ವರ್ಷ ತಡವಾಗಿತ್ತು. ಎರಡೇ ತಿಂಗಳಲ್ಲಿ ಆ ಮೇಷ್ಟ್ರ ಶವಸಂಸ್ಕಾರಕ್ಕೆ ಬಂದೂಕು ಹೊತ್ತವರು ಬಂದು ನಿಂತರು.